ಮಾಮನ ಐದನೆಯ ಡಬ್ಬಿ

ನಮ್ಮ ಸೋದರಮಾವನಿಗೆ ಬಾಯಿ ಒಂದೇ, ದನಿ ಮಾತ್ರ ಐದು. ಅದರಲ್ಲಿ ನಾಲ್ಕು ಸದಾ ಒದರುತ್ತಿರುತ್ತವೆ, ಐದನೆಯದು ಮೂಕ. ಒದರುವ ನಾಲ್ಕರಿಂದ ಊರಿಗೆ ತ್ರಾಸಾಗಿದ್ದು ನಿಜ. ಆದರೆ ನಮ್ಮ ಮನೆಯ ನೆಮ್ಮದಿ ಕೆಡಿಸಿದ್ದು ಆ ಮೂಕ ಐದನೆಯದು!

ನೀವು ಗಂಗಾವತಿ ಹತ್ತಿರದ ಮರಳಿ ಎಂಬ ಊರಲ್ಲಿ ಬಸ್ ಇಳಿದು ನಮ್ಮ ಮಾಮನ ಮನೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಎರಡು ನಿಮಿಷ ಸುಮ್ಮನೆ ನಿಲ್ಲಿ. ಯಾವ ದಿಕ್ಕಿನಿಂದ ಭಜನೆಯೂ ಬಯಲಾಟದ ಮದ್ದಳೆಯೂ ಕೂಡಿಯೇ ಕೇಳಿಬರುತ್ತದೋ ಆ ದಿಕ್ಕಿಗೆ ನಡೆಯಿರಿ. ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತವನು ನಮ್ಮ ಮಾಮ, ಒಳಗೆ ಕಿವಿಗೆ ಸೆರಗು ಕಟ್ಟಿಕೊಂಡು ಅಡುಗೆ ಮಾಡುತ್ತಿರುವವಳು ನಮ್ಮ ಅತ್ತೆ.

ಮಾಮ ಮುನಿರಾಬಾದಿನ ಅಣೆಕಟ್ಟಿನಲ್ಲಿ ಕಾಲುವೆಯ ಗೇಟು ಎತ್ತುವುದು, ಇಳಿಸುವುದು ಇಷ್ಟರಲ್ಲೇ ನೌಕರಿ ಮುಗಿಸಿದವನು. ನಿವೃತ್ತಿಯ ದಿನ ಜೊತೆಯವರು ಶಾಲು ಹೊದಿಸಿ ಒಂದು ಕೈಗಡಿಯಾರ ಕೊಟ್ಟರು. ಮಾಮ ಮರುದಿನವೇ ಅದನ್ನು ಗಂಗಾವತಿಯ ಅಂಗಡಿಗೆ ಕೊಟ್ಟು, ಬದಲಿಗೆ ಮೆಮರಿ ಕಾರ್ಡು ಹಾಕಿ ಹಾಡು ಕೇಳುವ ಪ್ಲೇಯರ್ ಒಂದನ್ನು ತಂದ. ಅತ್ತೆ ಸಿಟ್ಟಾದಳು. ಮಾಮ ಶಾಂತನಾಗಿ, "ಹೊತ್ತೆಷ್ಟಾತು ಅಂತ ತಿಳಕೊಂಡು ನಾ ಇನ್ನ ಎಲ್ಲಿ ಹೋಗಬೇಕಾಗೈತಿ?" ಎಂದ.

ಅಂಗಡಿಯವರು ಅದಕ್ಕೆ ಏನೇನೋ ಹೆಸರು ಹೇಳುತ್ತಾರೆ. ನಮ್ಮ ಮನೆತನದಲ್ಲಿ ಅದು 'ಡಬ್ಬಿ'. ಒಂದು ಡಬ್ಬಿ ಹೋಗಿ ಎರಡಾದವು, ಎರಡು ಹೋಗಿ ಐದಾದವು. ಬೆಂಕಿಪೊಟ್ಟಣದಷ್ಟು ಇರುವುದು, ಬೆರಳಿನಷ್ಟು ಇರುವುದು, ಸಣ್ಣ ಪರದೆಯಲ್ಲಿ ಗೆರೆಗಳು ಕುಣಿಯುವುದು, ಹೀಗೆ. ಐದಕ್ಕೂ ಜಾಗ ಬೇಕಲ್ಲ? ಮಾಮ ಗಂಗಾವತಿಯ ದರ್ಜಿಯ ಹತ್ತಿರ ಐದು ಕಿಸೆಯ ಅಂಗಿ ಹೊಲಿಸಿದ. ಅಳತೆ ಬರೆದುಕೊಂಡ ದರ್ಜಿ ತಲೆ ಕೆರೆದುಕೊಂಡು, "ಯಜಮಾನ್ರ, ನೀವು ತೊಡೋದು ಅಂಗಿನೋ, ಅಡಗಿ ಮನಿ ಕಪಾಟೋ?" ಎಂದು ಕೇಳಿದನಂತೆ.

ಯಾವ ಡಬ್ಬಿಯಲ್ಲಿ ಯಾವ ಹಾಡು ಎಂದು ಗುರುತು ಹತ್ತಲಿ ಎಂದು ಮಾಮ ಅತ್ತೆಯ ಹಣೆಯ ಟಿಕಳಿಗಳನ್ನು ಅವುಗಳ ಮೇಲೆ ಅಂಟಿಸಿದ. ಕೆಂಪು ಟಿಕಳಿಯದರಲ್ಲಿ ಮದುವೆ, ಸೀಮಂತದ ಸೋಬಾನೆ ಪದ. ಹಸಿರಿನದರಲ್ಲಿ ಹೊಲ-ಗದ್ದೆಯ ಪದ. ಹಳದಿಯದರಲ್ಲಿ ಬಯಲಾಟ. ಕಪ್ಪು ಟಿಕಳಿಯದರಲ್ಲಿ ಸತ್ತವರ ಮನೆಯಲ್ಲಿ ಹಚ್ಚುವ ಭಜನೆ. ಊರಲ್ಲಿ ಯಾರೇ ತೀರಿಕೊಳ್ಳಲಿ, ಹಾರದ ಜೊತೆಗೆ ಮಾಮನ ಕಪ್ಪು ಟಿಕಳಿಗೂ ಹೇಳಿ ಕಳಿಸುತ್ತಿದ್ದರು. ಐದನೆಯ ಡಬ್ಬಿಗೆ ಟಿಕಳಿಯೇ ಇಲ್ಲ.

"ನನ್ನ ಹಣಿ ಬರಿದೈತಿ, ನಿಮ್ಮ ಡಬ್ಬಿಗಳು ಮುತ್ತೈದಿ ಆಗಿ ಕುಂತಾವ," ಎಂದು ಅತ್ತೆ ಗೊಣಗುತ್ತಿದ್ದಳು.

ಮಾಮನಿಗೆ ಇನ್ನೊಂದು ಚಟವಿತ್ತು. ಯಾವ ಡಬ್ಬಿ ಕೈಗೆ ಬಂದರೂ ಹೆಣ್ಣು ನೋಡಲು ಹೋದವರ ಹಾಗೆ ಅದರ ಗುಣ-ಅವಗುಣ ಎಣಿಸುವುದು. "ಇದರ ಗುಣಾ ಏನಪಾ ಅಂದ್ರ, ಉಗುರಿನಷ್ಟು ಕಾರ್ಡಿನ್ಯಾಗ ಸಾವಿರ ಹಾಡು ಹಿಡಸತಾವ. ಅವಗುಣಾ ಏನಪಾ ಅಂದ್ರ, ಕಾರ್ಡು ಉಗುರಿನಷ್ಟ ಐತಿ." ಈ ಅವಗುಣವನ್ನು ಅವನು ಅನುಭವದಿಂದ ಕಲಿತಿದ್ದ. ಒಮ್ಮೆ ಹೊಸ ಕಾರ್ಡು ಕೈಯಿಂದ ಜಾರಿ ಅಕ್ಕಿ ಚೀಲದಲ್ಲಿ ಬಿತ್ತೆಂದು ಮನೆಮಂದಿಯನ್ನೆಲ್ಲ ಮೊರ ಹಿಡಿಸಿ ಕೂಡಿಸಿದ. ಹಬ್ಬಕ್ಕೆಂದು ಹೋದ ನಾನೂ ಸಿಕ್ಕಿಬಿದ್ದೆ. ಮಧ್ಯಾಹ್ನದವರೆಗೆ ಅರ್ಧ ಚೀಲ ಅಕ್ಕಿ ಕೇರಿದ್ದಾಯಿತು. ಆಮೇಲೆ ಕಾರ್ಡು ಸಿಕ್ಕಿದ್ದು ಅವನದೇ ಎಲೆ-ಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ! ನಮಗೆಲ್ಲ ಸಿಟ್ಟು ಬಂದರೂ ಅತ್ತೆಗೆ ಬರಲಿಲ್ಲ. "ತಿಂಗಳಿಗೊಮ್ಮಿ ಹಿಂಗ ಕಳೀರಿ. ಅಕ್ಕಿ ಹಸನು ಮಾಡೋದು ನನಗ ತಪ್ಪತೈತಿ," ಎಂದಳು.

"ಮಾಮಾ, ಮೊಬೈಲ್‌ನ್ಯಾಗ ಎಲ್ಲಾ ಬರತೈತಲ್ಲ, ಇವನ್ನ ಯಾಕ ಹೊತ್ಕೊಂಡು ತಿರಗತಿ?" ಎಂದು ನಾನೊಮ್ಮೆ ಕೇಳಿದೆ. ನಾನು ಕುಷ್ಟಗಿಯಲ್ಲಿ ಸಾಲಿ ಮಾಸ್ತರಣಿ, ತಿಳಿವಳಿಕೆ ಹೇಳುವುದು ನನ್ನ ಹುಟ್ಟುಗುಣ.

"ಮೊಬೈಲ್‌ನ್ಯಾಗ ಹಾಡು ಕೇಳೋದು ಅಂದ್ರ ಸಂತಿಯೊಳಗ ಹಾಸಿಗಿ ಹಾಸಿದಂಗ," ಎಂದ ಮಾಮ. "ಛಲೋ ನುಡಿ ಬಂತು ಅನ್ನೂದ್ರಾಗ ಯಾವನೋ ಫೋನ್ ಮಾಡಿ ಸಾಲ ಬೇಕೇನ್ರಿ ಅಂತಾನ. ಈ ಡಬ್ಬಿಗೆ ಹಾಡೋದು ಒಂದ ಗೊತ್ತು. ಯಾರ ಸುದ್ದಿನೂ ಬ್ಯಾಡ ಇದಕ್ಕ."

ತಿಳಿವಳಿಕೆ ಹೇಳಲು ಹೋದ ನಾನೇ ಆ ಡಬ್ಬಿಗೆ ಚಾರ್ಜು ಹಾಕಿ ಕೊಟ್ಟೆ.

ನಾಟಿಯ ದಿನಗಳಲ್ಲಿ ಮಾಮನಿಗೆ ಬಲು ಬೇಡಿಕೆ. ಹಸಿರು ಟಿಕಳಿಯ ಡಬ್ಬಿಯನ್ನು ಗದ್ದೆಯ ಬದುವಿನ ಮೇಲೆ ಇಟ್ಟರೆ ಹೆಣ್ಣುಮಕ್ಕಳ ಕೈ ಹಾಡಿನ ಓಟಕ್ಕೆ ಸರಿಯಾಗಿ ಆಡುತ್ತದೆ. ಇದರಲ್ಲೊಂದು ಗುಟ್ಟಿದೆ. ದಿನಗೂಲಿಯ ಕೆಲಸವಿದ್ದರೆ ಅವರಿಗೆ ನಿಧಾನದ ಹಾಡು ಬೇಕು, ಗುತ್ತಿಗೆಯ ಕೆಲಸವಿದ್ದರೆ ಜೋರಿನದು. ಗದ್ದೆಯ ಒಡೆಯನಿಗೆ ಯಾವಾಗಲೂ ಜೋರಿನದೇ ಬೇಕು. ಒಂದು ದಿನ ದಿನಗೂಲಿಯ ನಾಟಿ ನಡೆದಿತ್ತು, ಡಬ್ಬಿ ತೊಟ್ಟಿಲು ತೂಗುವ ಹಾಡು ಹಾಡುತ್ತಿತ್ತು. ಆ ಗದ್ದೆಯ ಒಡೆಯ, ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ತೆಲುಗು ರೈತ, ಓಡಿಬಂದು, "ಆ ನಿದ್ದಿ ಬರೋ ಪಾಟ ಬ್ಯಾಡಂಡಿ, ಜೋರಂದು ಹಾಕಂಡಿ," ಎಂದ.

"ಹಾಡು ಜೋರಾದ್ರ ಕೂಲಿನೂ ಜೋರಾಗಬೇಕ್ರಿ," ಎಂದು ಗದ್ದೆಯೊಳಗಿನಿಂದ ಮುದುಕಿಯೊಬ್ಬಳು ಅಂದಳು.

ಮಾಮ ಇಬ್ಬರಿಗೂ ನ್ಯಾಯ ಒದಗಿಸಲು ಹೋಗಿ ಹಳದಿ ಟಿಕಳಿಯ ಡಬ್ಬಿ ತೆಗೆದು ಬಯಲಾಟ ಹಚ್ಚಿದ. ರಾಜಕುಮಾರಿಯನ್ನು ರಾಕ್ಷಸ ಹೊತ್ತೊಯ್ದ ಸನ್ನಿವೇಶ ಬಂದಾಗ ಸಸಿ ಹಿಡಿದ ಕೈಗಳು ಹಿಡಿದಲ್ಲೇ ನಿಂತವು. ಸಂಜೆಯ ಹೊತ್ತಿಗೆ ರಾಕ್ಷಸ ಮುಗಿದಿದ್ದ, ನಾಟಿ ಮುಗಿದಿರಲಿಲ್ಲ. ಒಡೆಯ ಬೈಯುತ್ತಾನೆಂದು ಮಾಮ ಅಂಜಿದ್ದ. ನೋಡಿದರೆ ಅವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ರಾಜಕುಮಾರಿ ಲಗ್ನ ನಾಳೆ ಹಾಕತಾರಂಡಿ?" ಎಂದು ಕೇಳುತ್ತಿದ್ದ.

ಇನ್ನು ಆ ಮೂಕ ಐದನೆಯ ಡಬ್ಬಿಗೆ ಬರುತ್ತೇನೆ.

ಅದು ಹಾಡನ್ನು ಹಿಡಿದಿಡುವ ಡಬ್ಬಿ. ಎದುರಿಗೆ ಯಾರಾದರೂ ಹಾಡಿದರೆ ಒಳಗೆ ತುಂಬಿಕೊಳ್ಳುತ್ತದೆ. ಉಳಿದ ನಾಲ್ಕರ ಚಾರ್ಜು ಒಮ್ಮೊಮ್ಮೆ ಮರೆತರೂ ಮಾಮ ಇದರದನ್ನು ಒಂದು ದಿನವೂ ಮರೆತವನಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ದೇವರಿಗೆ ಊದಿನಕಡ್ಡಿ, ಆಮೇಲೆ ಇದಕ್ಕೆ ಚಾರ್ಜರ್. ಆದರೆ ಒಳಗೆ ಏನೂ ಇಲ್ಲ.

"ಏನೂ ಇಲ್ಲದ್ದನ್ನ ಎದಿ ಮ್ಯಾಲಿನ ಕಿಸೆದಾಗ ಇಟ್ಕೊಂಡು ಏನು ಮಾಡತಿ ಮಾಮಾ?"

"ಬಸ್ಸಿನ ಕಿಡಕಿಯೊಳಗಿಂದ ಟವೆಲ್ ಒಗಿತಾರಲ್ಲ, ಹಂಗ. ಜಾಗಾ ಹಿಡದೀನಿ."

"ಯಾರಿಗೆ?"

"ನಿಮ್ಮವ್ವಗ," ಎಂದ.

ನನ್ನ ಅವ್ವ ಮಾಮನ ಒಬ್ಬಳೇ ಅಕ್ಕ. ಅಪ್ಪನೂ ಅವಳೂ ಕುಷ್ಟಗಿಯಲ್ಲಿ ನನ್ನ ಜೊತೆಗೇ ಇದ್ದಾರೆ. ಅವಳ ದನಿ ಥೇಟ್ ನಮ್ಮ ಅಜ್ಜಿಯ, ಅಂದರೆ ಅವಳ ತಾಯಿಯ ದನಿ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಅಜ್ಜಿ ನೂರಾರು ಸೋಬಾನೆ ಪದ ಬಲ್ಲವಳು. ಅವಳು ಹಾಡದೆ ಅವರ ಊರಲ್ಲಿ ಯಾವ ಮದುವೆಯೂ ಆಗುತ್ತಿರಲಿಲ್ಲವಂತೆ. ಮಾಮ ನೌಕರಿಗೆ ಸೇರಿ ಮೊದಲ ಸಂಬಳದಲ್ಲಿ ಟೇಪ್ ರೆಕಾರ್ಡರ್ ತಂದಾಗ ನಾಚಿ ಒಳಗೆ ಹೋದ ಅಜ್ಜಿಯನ್ನು ಅವ್ವ ಕೈಹಿಡಿದು ಕರೆತಂದು ಕೂಡಿಸಿದಳು. ಅಜ್ಜಿ ಹಾಡಿದಳು, ಪ್ರತಿ ನುಡಿಯ ಕೊನೆಗೆ ಮರಳಿ ಬರುವ ಸೊಲ್ಲಿಗೆ ಅವ್ವ ದನಿಗೂಡಿಸಿದಳು. ಕ್ಯಾಸೆಟ್ಟಿನ ಒಂದು ಮಗ್ಗಲು ಪೂರ್ತಿ ತುಂಬಿತು.

ತಿಂಗಳೊಪ್ಪತ್ತಿಗೆ ರೇಡಿಯೋದಲ್ಲಿ ಕ್ರಿಕೆಟ್ ಬಂತು. ಮಾಮನಿಗೆ ಕಾಮೆಂಟರಿ ಹಿಡಿದಿಡುವ ಹುಚ್ಚು, ಮನೆಯಲ್ಲಿ ಬೇರೆ ಖಾಲಿ ಕ್ಯಾಸೆಟ್ಟಿಲ್ಲ. ಹಿಂದಿನ ಮಗ್ಗಲು ಖಾಲಿ ಇದೆಯಲ್ಲ ಎಂದು ಹಾಕಿದ. ಹಾಕಿದ್ದು ಮುಂದಿನ ಮಗ್ಗಲನ್ನು! ಅಜ್ಜಿಯ ಹನ್ನೊಂದು ಪದಗಳ ಮೇಲೆ ಕ್ರಿಕೆಟ್ ಕೂತುಬಿಟ್ಟಿತು. ಆ ಪಂದ್ಯವನ್ನೂ ನಮ್ಮವರು ಸೋತರು.

ಅಜ್ಜಿ ನಕ್ಕಳಂತೆ. "ಹೋಗಲಿ ಬಿಡೋ, ನಾ ಎಲ್ಲಿ ಹೊಂಟೀನಿ? ಸುಗ್ಗಿ ಮುಗದ ಮ್ಯಾಲ ಇನ್ನೊಮ್ಮಿ ಹಾಡತೀನಿ," ಎಂದಳಂತೆ. ಸುಗ್ಗಿಗೆ ಮುಂಚೆಯೇ ಹೋಗಿಬಿಟ್ಟಳು.

ಅವ್ವ ತಮ್ಮನ ಜೊತೆ ವರ್ಷವಿಡೀ ಮಾತು ಬಿಟ್ಟಳು. ಆಮೇಲೆ ಮಾತು ಶುರುವಾಯಿತು, ಹಾಡು ಆಗಲಿಲ್ಲ. "ಅವ ಡಬ್ಬಿ ಹಿಡದ್ರ ನಾ ಬಾಯಿ ಹಿಡಿತೀನಿ" ಎನ್ನುವುದು ಅವಳ ಶಪಥ. ಮಾಮ ಇದ್ದ ಮದುವೆಯಲ್ಲಿ ಅವಳು ತುಟಿ ಎರಡು ಮಾಡಿದ್ದನ್ನು ನಾನು ಕಂಡಿಲ್ಲ. ಹಾಡುವುದೇನಿದ್ದರೂ ಒಬ್ಬಳೇ ರೊಟ್ಟಿ ಬಡಿಯುವಾಗ. ಮಾಮನ ನಾಲ್ಕು ಡಬ್ಬಿಗಳ ಒದರಾಟವೆಲ್ಲ ಆ ಒಂದು ಮಗ್ಗಲು ಕ್ಯಾಸೆಟ್ಟಿನ ಖಾಲಿ ಜಾಗ ತುಂಬಿಸಲಿಕ್ಕೆಂದು ನನಗೆ ಆಗ ಅರ್ಥವಾಯಿತು.

ಮಾಮ ಪ್ರಯತ್ನ ಮಾಡಲಿಲ್ಲವೆಂದಲ್ಲ. ಪ್ರತಿ ನಾಗರಪಂಚಮಿಗೆ ನಮ್ಮ ಮನೆಗೆ ಉಂಡಿ ತಿನ್ನಲು ಬಂದವನು ಡಬ್ಬಿಯನ್ನು ತಟ್ಟೆಯ ಪಕ್ಕದಲ್ಲಿ ಇಡುವನು, ಅವ್ವ ಅದರ ಮೇಲೆ ಚಟ್ನಿಯ ಬಟ್ಟಲು ಇಡುವಳು. ಒಂದು ವರ್ಷ ಡಬ್ಬಿಯನ್ನು ಚಾಲೂ ಮಾಡಿ ಜೋಳದ ಹಿಟ್ಟಿನ ಪಾತ್ರೆಯ ಅಂಚಿನಲ್ಲಿ ಹುಗಿದಿಟ್ಟು, ತಾನು ಪಡಸಾಲೆಯಲ್ಲಿ ಗೊರಕೆ ಹೊಡೆಯುವ ನಾಟಕ ಆಡಿದ. ಆಮೇಲೆ ನಾವಿಬ್ಬರೂ ಕದ್ದು ಕೇಳಿದೆವು. ಮೊದಲು ರೊಟ್ಟಿ ಬಡಿಯುವ ಸಪ್ಪಳ. ಬಹಳ ಹೊತ್ತು ಬರೀ ಸಪ್ಪಳ. ಆಮೇಲೆ ಪದವೊಂದು ಎಳೆಯಾಗಿ ಶುರುವಾಗಿ, ಗಕ್ಕನೆ ನಿಂತು, ಅವ್ವನ ಮಾತು ಕೇಳಿಸಿತು: "ಹಿಟ್ಟಿನ್ಯಾಗ ಕೆಂಪು ದೀಪ ಹತ್ತೈತಲ್ಲೋ, ಕಳ್ಳ."

ಅಷ್ಟರಲ್ಲಿ ಅವ್ವ ಹಿಂದೆ ಬಂದು ನಿಂತಿದ್ದಳು. "ಅಳಸು," ಎಂದಳು. ಮಾಮ ಅಳಿಸಿದ. ಒಂದು ಗುಂಡಿ, ಅರ್ಧ ಗಳಿಗೆ, ಅಷ್ಟೇ. "ಇದರ ದೊಡ್ಡ ಅವಗುಣಾ ಇದ ನೋಡು," ಎಂದು ನನ್ನ ಕಡೆ ತಿರುಗಿ ಹೇಳಿದವನು, ಆ ವರ್ಷದ ಉಂಡಿ ತಿನ್ನದೆಯೇ ಊರಿಗೆ ಹೋದ.

ಹೀಗಿರುವಾಗ ನನ್ನ ಮಗಳಿಗೆ ಸಂಬಂಧ ಬಂತು. ಗಂಡಿನವರು ಯಲಬುರ್ಗಾ ಕಡೆಯ ಮಂಗಳೂರಿನವರು. ಮೀನಿನ ಮಂಗಳೂರಲ್ಲ, ಜೋಳದ ಮಂಗಳೂರು. ಹೆಣ್ಣು ನೋಡಲು ಬಂದಾಗ ಹಿರಿಯನೆಂದು ಮಾಮನನ್ನೂ ಕರೆಸಿದ್ದೆವು. ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡೇ ಬಂದು ಕೂತ. ಇಯರ್‌ಫೋನಿನ ಅವಗುಣ ನಿಮಗೆ ಗೊತ್ತಿರಬಹುದು: ಹಾಕಿಕೊಂಡವನಿಗೆ ತನ್ನ ದನಿ ಎಷ್ಟು ಜೋರಿದೆ ಎಂಬುದು ತಿಳಿಯುವುದಿಲ್ಲ. ಎಲ್ಲರೂ ಅವಲಕ್ಕಿ ತಿನ್ನುತ್ತಾ ಗಂಭೀರವಾಗಿ ಕೂತಿದ್ದಾಗ ಮಾಮ ಅವ್ವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೇನೆಂದು ತಿಳಿದು, ಓಣಿಗೆಲ್ಲ ಕೇಳುವಂತೆ, "ಅಕ್ಕಾ, ಬೀಗರ ತಲಿ ಮ್ಯಾಲಿನ ಕೂದಲು ಖರೇವು ಅಲ್ಲ," ಎಂದ.

ಬೀಗರಾಗುವವರು ಕೈಯಲ್ಲಿದ್ದ ಅವಲಕ್ಕಿಯ ತಟ್ಟೆ ಕೆಳಗಿಟ್ಟರು. ಆಮೇಲೆ ತಾವೇ ತಲೆಗೆ ಕೈಹಾಕಿ ಆ ಕೂದಲನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, "ಛಲೋ ಆತ್ರಿ. ಸೆಕಿ ಭಾಳ ಇತ್ತು," ಎಂದರು. ಇಂಥ ಮನೆಗೆ ಮಗಳನ್ನು ಕೊಡದೆ ಇನ್ನೆಂಥ ಮನೆಗೆ ಕೊಡುವುದು? ಸಂಬಂಧ ಗಟ್ಟಿಯಾಯಿತು. ಬೀಗರ ತಾಯಿ ಮಾತ್ರ ನಗಲಿಲ್ಲ. ಆ ಹಿರಿಯಮ್ಮ ಶಾಸ್ತ್ರದಲ್ಲಿ ಬಲು ಕಟ್ಟುನಿಟ್ಟು.

ಮದುವೆಗೆ ಸೋಬಾನೆಯ ಹೊಣೆ ಮಾಮನದು. ಎರಡು ತಿಂಗಳು ಊರೂರು ತಿರುಗಿ ಕೆಂಪು ಟಿಕಳಿಯ ಡಬ್ಬಿಗೆ ಪದ ತುಂಬಿಸಿದ. ಮುಂದೆ ಆದದ್ದಕ್ಕೆ ಅವನನ್ನು ಬೈದು ಪ್ರಯೋಜನವಿಲ್ಲ, ತಪ್ಪು ನನ್ನದು. ಸಂಬಂಧದಲ್ಲಿ ಹುಡುಗಿಗೆ ಅಜ್ಜನಾಗುವವನು ಎಂದು ನಾನು ಮಾಮನಿಗೆ ರೇಷ್ಮೆಯ ಅಂಗಿ ತಂದಿದ್ದೆ. ಅದಕ್ಕೆ ಕಿಸೆ ಒಂದೇ! ಐದೂ ಡಬ್ಬಿ ಆ ಒಂದೇ ಕಿಸೆಯಲ್ಲಿ ಒತ್ತೊತ್ತಾಗಿ ಕೂತವು. ಕುಷ್ಟಗಿಯ ಬಿಸಿಲು, ರೇಷ್ಮೆಯ ಬೆವರು. ಟಿಕಳಿಯ ಅಂಟು ಎಷ್ಟೊತ್ತು ತಡೆದೀತು?

ಬೆಳಿಗ್ಗೆ ಸುರಗಿ. ಅಂಗಳದ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನಡುವೆ ಹುಡುಗಿಯನ್ನು ಕೂಡಿಸಿ, ಮುತ್ತೈದೆಯರು ತಂಬಿಗೆಗಳ ಸುತ್ತ ನೂಲು ಸುತ್ತುವ ಶಾಸ್ತ್ರ. ಹಾಡಿಲ್ಲದೆ ನೂಲು ಸುತ್ತುವ ಹಾಗಿಲ್ಲ. ಮಾಮ ಕೆಂಪು ಟಿಕಳಿಯ ಡಬ್ಬಿ ತೆಗೆದು ಕಣ್ಣಿಗೊತ್ತಿಕೊಂಡು ಗುಂಡಿ ಒತ್ತಿದ. ತಾಳ ಕೇಳಿಸಿತು. ಏಕತಾರಿ ಕೇಳಿಸಿತು. ಆಮೇಲೆ ಗಂಡುದನಿಯೊಂದು, ಹೋದ ಜೀವಕ್ಕೆ ಹಾದಿ ತೋರಿಸುವ ಭಜನೆಯನ್ನು ಗದ್ಗದವಾಗಿ ಎತ್ತಿಕೊಂಡಿತು. ಕೆಂಪು ಟಿಕಳಿ ಕಿಸೆಯಲ್ಲೇ ಜಾರಿ ಸಾವಿನ ಮನೆಯ ಡಬ್ಬಿಗೆ ಅಂಟಿಕೊಂಡಿತ್ತು!

ನೂಲು ಹಿಡಿದ ಕೈಗಳು ನಿಂತವು. ಬೀಗರ ತಾಯಿ ಸುತ್ತ ನೋಡಿ, "ಯಾರು ತೀರಿಕೊಂಡ್ರಿ?" ಎಂದು ಕೇಳಿದರು.

ಮಾಮ ಗಾಬರಿಯಿಂದ ಮುಂದಿನ ಹಾಡಿನ ಗುಂಡಿ ಒತ್ತಿದ. ಅದು ಹೆಣ ಎತ್ತುವಾಗಿನದು. ಅದನ್ನು ಆರಿಸಿ ಇನ್ನೊಂದು ಡಬ್ಬಿ ತೆಗೆದ, ಅದರಿಂದ ಬಯಲಾಟದ ರಾಕ್ಷಸ ಅಬ್ಬರಿಸುತ್ತಾ ಹೊರಗೆ ಬಂದ. ಅತ್ತೆ ಓಡಿಬಂದು ನಾಲ್ಕೂ ಡಬ್ಬಿ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಳು. "ಇವತ್ತೊಂದು ದಿನ ಇವುಗಳ ಬಾಯಿ ಮುಚ್ಚಲಿ," ಎಂದಳು.

ನೂಲು ಎರಡನೆಯ ತಂಬಿಗೆಯ ಹತ್ತಿರ ನಿಂತಿತ್ತು. "ನೀ ಹಾಡವಾ," "ನನಗ ಒಂದ ನುಡಿ ಬರತೈತಿ," "ನನಗ ಧಾಟಿ ಗೊತ್ತು, ಪದ ಗೊತ್ತಿಲ್ಲ," ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ಡಬ್ಬಿ ಹಾಡುತ್ತದೆಂದು ನಾವೆಲ್ಲ ಮರೆತು ಕೂತಿದ್ದೆವು. ಊರ ಮಕ್ಕಳಿಗೆ ಪದ್ಯ ಕಂಠಪಾಠ ಮಾಡಿಸುವ ನನಗೂ ಒಂದು ಸೋಬಾನೆ ಪೂರ್ತಿ ಬರುತ್ತಿರಲಿಲ್ಲ. ನಾಚಿಕೆಯಾಯಿತು. ನಡುವೆ ಅರಿಷಿಣ ಹಚ್ಚಿಕೊಂಡು ಕೂತ ನನ್ನ ಮಗಳ ಕಣ್ಣಲ್ಲಿ ನೀರು ಬರುವುದರಲ್ಲಿತ್ತು.

ಅವ್ವ ಮೊಮ್ಮಗಳನ್ನು ನೋಡಿದಳು. ಆಮೇಲೆ ತಮ್ಮನನ್ನು ನೋಡಿದಳು. ಮಾಮನ ಕಿಸೆಯಲ್ಲಿ ಐದನೆಯ ಡಬ್ಬಿ ಉಳಿದಿತ್ತು. ಚಾರ್ಜು ತುಂಬಿತ್ತು, ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಅದರ ಗುಂಡಿ ಒತ್ತುವ ಅಭ್ಯಾಸ ಅವನಿಗಿತ್ತು. ಅವನ ಕೈ ಕಿಸೆಗೆ ಹೋದದ್ದನ್ನು ಅವ್ವನೂ ಕಂಡಳು, ನಾನೂ ಕಂಡೆ. ಅವನು ಡಬ್ಬಿಯನ್ನು ಹೊರಗೆ ತೆಗೆದು ನೇರವಾಗಿ ಬಂದು ನನ್ನ ಕೈಯಲ್ಲಿ ಇಟ್ಟ.

"ನೀ ಹಿಡಕೋ," ಎಂದ. "ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ."

ಅವ್ವ ಹಾಡಿದಳು. ಹೊಳೆಯ ಆಚೆ ದಂಡೆಗೆ ಮಗಳನ್ನು ಕೊಟ್ಟ ತಾಯಿ, ಹಬ್ಬಕ್ಕೆ ಮಗಳು ದಾಟಿ ಬರಲೆಂದು ತುಂಬಿದ ಹೊಳೆಯನ್ನು 'ಇಳಿ, ದಾರಿ ಬಿಡು' ಎಂದು ಬೇಡಿಕೊಳ್ಳುವ ಪದ. ಅಜ್ಜಿಯ ಹನ್ನೊಂದರಲ್ಲಿ ಅದೂ ಒಂದಂತೆ. ಒಂದು ನುಡಿ ಮುಗಿದು ಸೊಲ್ಲಿನ ಹೊತ್ತಾಯಿತು. ದನಿಗೂಡಿಸುವವರು ಯಾರೂ ಇಲ್ಲ. ಆಗ ಹಿಂದಿನಿಂದ ಒಂದು ಒಡಕು ಗಂಡುದನಿ ಎತ್ತಿಕೊಂಡಿತು. ನೌಕರಿಯುದ್ದಕ್ಕೂ ಹೊಳೆಯ ನೀರನ್ನು ಗೇಟು ಹಾಕಿ ಹಿಡಿದ ಮಾಮ, ಅದೇ ಹೊಳೆಗೆ 'ಇಳಿ, ಇಳಿ' ಎಂದು ಅಕ್ಕನ ಹಿಂದೆ ಹಾಡುತ್ತಿದ್ದ. ಒಂದು ಅಕ್ಷರವೂ ತಪ್ಪಲಿಲ್ಲ. ನೂಲು ಮೂರನೆಯ ತಂಬಿಗೆ ದಾಟಿತು, ನಾಲ್ಕನೆಯದನ್ನೂ ದಾಟಿತು. ನನ್ನ ಕೈಯಲ್ಲಿದ್ದ ಡಬ್ಬಿಯ ಗುಂಡಿ ನಾನೂ ಒತ್ತಲಿಲ್ಲ.

ಮುಗಿದ ಮೇಲೆ ಬೀಗರ ತಾಯಿ ಅವ್ವನ ಕಡೆ ಕೈ ತೋರಿಸಿ ಮಾಮನಿಗೆ, "ಮೊದಲ ಈ ಡಬ್ಬಿ ಹಚ್ಚಬೇಕಿತ್ತಲ್ರಿ," ಎಂದರು. ಅಷ್ಟೂ ದಿನದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಮಗಳು ಗಂಡನ ಮನೆಗೆ ಹೋದ ಮರುದಿನ ಮಾಮ ಊರಿಗೆ ಹೊರಟು ಚೀಲ ಕಟ್ಟುತ್ತಿದ್ದ. ಅವ್ವ ಅಡುಗೆಮನೆಯಿಂದ, "ಆ ಖಾಲಿ ಡಬ್ಬಿ ತಾ ಇಲ್ಲಿ," ಎಂದು ಕರೆದಳು. ನಾನು ಕೊಟ್ಟೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಹಾಡು ಹಿಡಿಯೋ ಗುಂಡಿ ಯಾವುದು?"

ಮಾಮ ಬಾಗಿಲಲ್ಲೇ ನಿಂತು ಬೆರಳು ತೋರಿಸಿದ.

"ಅಳಸೋದು?"

ಮಾಮ ತಡೆದು ತಡೆದು ಅದನ್ನೂ ತೋರಿಸಿದ. ಅವ್ವ ತನ್ನ ಹಣೆಯ ಟಿಕಳಿ ಕಿತ್ತು ಆ ಗುಂಡಿಯ ಮೇಲೆ ಒತ್ತಿ ಅಂಟಿಸಿದಳು. "ಇನ್ನ ಇದರ ಮ್ಯಾಲ ಬೆರಳು ಇಟ್ಟಿ ಅಂದ್ರ ನನ್ನ ಹಣಿ ಒರಸಿದಂಗ, ತಿಳೀತಿಲ್ಲೋ? ಕುಂಡ್ರು." ಮಾಮ ರೊಟ್ಟಿ ಬಡಿಯುವ ಕಲ್ಲಿನ ಎದುರು ಚಕ್ಕಳಮಕ್ಕಳ ಹಾಕಿ ಕೂತ, ಅಂಗನವಾಡಿಯ ಕೂಸಿನ ಹಾಗೆ.

ಆ ಟಿಕಳಿಯ ಮೇಲೆ ಮಾಮ ಈಗ ಮೂರು ಸುತ್ತು ಟೇಪು ಹಾಕಿದ್ದಾನೆ. ಹನ್ನೊಂದೂ ಪದ ಒಳಗಿವೆ. ಮೊನ್ನೆ ಮರಳಿಗೆ ಹೋದಾಗ ಕಟ್ಟೆಯ ಮೇಲೆ ನಾಲ್ಕು ಡಬ್ಬಿಗಳೂ ಸುಮ್ಮನಿದ್ದವು. ಮಾಮ ಐದನೆಯದನ್ನು ನನ್ನ ಕಿವಿಗೆ ಹಿಡಿದ. ಮೂರನೆಯ ಪದದಲ್ಲಿ, ತಾಯಿ ಹೊಳೆಗೆ ಬೇಡಿಕೊಳ್ಳುವ ಕಡೆ, ಅವ್ವನ ದನಿಯ ಹಿಂದೆ ಯಾರೋ ಬಿಕ್ಕಿ ಬಿಕ್ಕಿ ಮೂಗು ಏರಿಸಿದ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು.

"ಇದು ಏನು ಸಪ್ಪಳ ಮಾಮಾ?"

ಮಾಮ ಗದ್ದೆಯ ಕಡೆ ನೋಡುತ್ತಾ, "ಅದು ಡಬ್ಬಿ ಅವಗುಣಾ," ಎಂದ.

ಉಳಿದ ನಾಲ್ಕರಲ್ಲಿ ಒಂದು ಸಣ್ಣ ಕೊಂಕು ಕಂಡರೂ ಗಂಗಾವತಿಗೆ ಓಡುವ ಮನುಷ್ಯ, ಇದೊಂದನ್ನು ಮಾತ್ರ ಇನ್ನೂ ರಿಪೇರಿಗೆ ಒಯ್ದಿಲ್ಲ.